ಇಪ್ಪತ್ತನಾಲ್ಕು ಕಂಬಗಳ ಉಸ್ತಾದರು

ನಮ್ಮ ಉಸ್ತಾದರ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಎಂದೋ ಉಳಿ ಜಾರಿ ಆದದ್ದು. ಅದನ್ನು ಮರದ ಮೇಲೆ ಎಳೆದರೆ ಎರಡು ಗೆರೆ ಮೂಡುತ್ತಿದ್ದವು. "ಹೊರಗಿನ ಗೆರಿಗೆ ಕೊಯ್ಯೋ. ಹೆಚ್ಚಾದ್ರ ಕೆತ್ತಬಹುದು, ಕಡಿಮಿ ಆದ್ರ ನಿಮ್ಮಪ್ಪ ಬಂದು ಜೋಡಸ್ತಾನೇನು?" ಎನ್ನುತ್ತಿದ್ದರು.

ಹುಮನಾಬಾದಿನಿಂದ ಮಾಣಿಕನಗರಕ್ಕೆ ಹೋಗುವ ದಾರಿಯಲ್ಲಿ ಅವರ ತಗಡಿನ ಶೆಡ್ಡು. ಬಸವಕಲ್ಯಾಣದ ಕಡೆ ಹಳೆಯ ವಾಡೆಯ ಮನೆ ಕೆಡವುತ್ತಾರೆಂದು ತಿಳಿದರೆ ಸಾಕು, ಹೋಗಿ ಸಾಗವಾನಿ ತೊಲೆ ತರುತ್ತಿದ್ದರು. ಅದರಿಂದ ಬಿಚ್ಚಿ ಕಟ್ಟುವ ಮಂಟಪ ಮಾಡುತ್ತಿದ್ದರು. ಒಂದೂ ಮೊಳೆಯಿಲ್ಲ. ಜಾಲಿಯ ಬೆಣೆ ಬಡಿದರೆ ಕೂಡುತ್ತಿತ್ತು, ಹಿಂದಿನಿಂದ ತಟ್ಟಿದರೆ ಬಿಡುತ್ತಿತ್ತು. "ಮೊಳಿ ಹೊಡದ್ರ ಆ ಕಟಗಿ ಮುಂದಿನ ಕೆಲಸಕ್ಕ ಬರಂಗಿಲ್ಲ" ಎನ್ನುವರು.

ನಾನು ಅವರಲ್ಲಿ ಸೇರಿದಾಗ ಮೂವತ್ತು ದಾಟಿತ್ತು. ಅದುವರೆಗೆ ಬಜಾರಿನಲ್ಲಿ ಹಮಾಲಿ. ವಯಸ್ಕರ ಶಾಲೆಯಲ್ಲಿ ಆಗತಾನೆ ಅಕ್ಷರ, ಅಂಕಿ ಕಲಿಯುತ್ತಿದ್ದೆ. ಮೊದಲ ವಾರವೇ ಮೋರಖಂಡಿಯ ಒಂದು ಮದುವೆಗೆ ಇಪ್ಪತ್ತನಾಲ್ಕು ಕಂಬದ ಮಂಟಪ ಹೋಗಬೇಕಾಗಿತ್ತು.

"ಉಸ್ತಾದ್ರೀ, ಕಂಬಕ್ಕೆಲ್ಲ ನಂಬರ್ ಬರೀಲೇನ್ರಿ?" ಎಂದೆ.

"ಬರಿ. ದುಂಡಗ ಬರಿ."

ಇಡೀ ಮಧ್ಯಾಹ್ನ ಸುಣ್ಣದ ಕಡ್ಡಿ ಹಿಡಿದು ಬರೆದೆ. ಎಂಟು ಮಾತ್ರ ಪ್ರತಿ ಸಲ ಪಕ್ಕಕ್ಕೆ ಮಲಗುತ್ತಿತ್ತು. ಅಳಿಸುವುದು, ಬರೆಯುವುದು. ಉಸ್ತಾದರು ಬೀಡಿ ಸೇದುತ್ತ ನೋಡುತ್ತಿದ್ದರು.

ಮರುದಿನ ಟೆಂಪೋ ಹೊರಟಿತು. ದಾರಿಯಲ್ಲಿ ಮಳೆ ಹೊಡೆಯಿತು. ಮೋರಖಂಡಿಯಲ್ಲಿ, ಮೇಲೆ ಹೊದಿಸಿದ್ದ ತೂತುಬಿದ್ದ ತಾಡಪತ್ರಿ ಸರಿಸಿದರೆ ಒಂದು ಅಂಕಿಯೂ ಉಳಿದಿರಲಿಲ್ಲ. ಸೇರಿದ ವಾರದಲ್ಲೇ ಕೆಲಸ ಹೋಯಿತು ಎಂದುಕೊಂಡೆ. ಹೆಣ್ಣಿನ ತಂದೆ ಬೇರೆ ಎದುರಿಗೇ ನಿಂತಿದ್ದರು.

"ಏನಪಾ, ಕಂಬದ ಮಾರಿ ನೋಡ್ಕೊಂತ ನಿಂತಿ? ನಾಳಿ ಬೀಗರಿಗಿ ಬಿಸಲಾಗ ಕುಂದ್ರಸ್ಲೇನು?"

ನಾನು ಉಸ್ತಾದರ ಬಳಿ ಹೋಗಿ, "ತಪ್ಪಾತ್ರಿ. ನಂಬರ್ ಎಲ್ಲಾ ಅಳಿಸಿ ಹೋಗ್ಯಾವ" ಎಂದೆ.

ಅವರು ಬೀಡಿ ಆರಿಸಿ ಎದ್ದು, ಕೈಗೆ ಸಿಕ್ಕ ಕಂಬ ಎತ್ತಿ ಹತ್ತಿರದಲ್ಲಿ ತೋಡಿಟ್ಟಿದ್ದ ಕುಣಿಗೆ ಇಳಿಸಿದರು. ಇನ್ನೊಂದು ಕಂಬ ಅದರ ಪಕ್ಕಕ್ಕೆ. ನಡುವೆ ಅಡ್ಡತೊಲೆ, ಬೆಣೆ. ಟಕ್ಕನೆ ಕೂತಿತು.

"ಯಾವ್ದರ ತಗೊಂಬಾ. ಎಲ್ಲಾ ಒಂದ ಅಳತಿ. ಯಾವ್ದು ಎಲ್ಲಿ ಬೇಕಾದ್ರೂ ಕುಂದರ್ತದ."

ಎದೆಯ ಮೇಲಿನ ಮೂಟೆ ಇಳಿದಂತಾಯಿತು. ಆಮೇಲೆ ಸಿಟ್ಟೂ ಬಂತು. "ಮತ್ತ ನನ್ನ ಕೈಲೆ ನಂಬರ್ ಯಾಕ್ ಬರಸಿದ್ರಿ?"

"ನಾ ಎಲ್ಲಿ ಬರಸ್ದೆ? ನೀನೇ ಬರೀತೀನಂದಿ. ನಿನಗ ಎಂಟು ಬರೀಲಾಕ ಬರ್ತಿದ್ದಿಲ್ಲ. ಈಗ ಬರ್ತದಿಲ್ಲ?"

ಬರುತ್ತಿತ್ತು.

ಮದುವೆ ಮುಗಿದ ಮೇಲೆ ಅದೇ ಕಂಬಗಳು ಬಸವಕಲ್ಯಾಣದಲ್ಲಿ ಉದ್ದಕ್ಕೆ ನಿಂತು ಟ್ಯೂಷನ್ ಮಕ್ಕಳಿಗೆ ನೆರಳಾದವು. ಅನಂತರ ಚೌಕವಾಗಿ ನಿಂತು ಕಾಯಿಪಲ್ಲೆಯವರಿಗೆ. ಹೋದ ವರ್ಷ ಉಸ್ತಾದರು ತೀರಿಕೊಂಡಾಗ, ಬಂದ ಜನಕ್ಕೆ ಅವರ ಮನೆಯ ಮುಂದೆ ಅವನ್ನೇ ನಿಲ್ಲಿಸಿದೆವು. ಅಷ್ಟು ದುಃಖದಲ್ಲೂ ಯಾವ ಕಂಬ ಎಲ್ಲಿಗೆ ಎಂದು ಯೋಚಿಸುವ ಕಷ್ಟವಿರಲಿಲ್ಲ.

ಈಗ ಮಂಟಪದ ನಕ್ಷೆ ನಾನೇ ಬರೆಯುತ್ತೇನೆ. ಹೊಸ ಕಂಬ ತಯಾರಾದಾಗ ಅದರ ಬುಡದಲ್ಲಿ ಸುಣ್ಣದ ಕಡ್ಡಿಯಿಂದ ಒಂದು ಎಂಟು ಬರೆಯುತ್ತೇನೆ, ದುಂಡಗೆ. ಮಳೆ ಬಂದರೆ ಅಳಿಸಿ ಹೋಗಲಿ.