ಸ್ಟೀಲ್ ಲೋಟದಲ್ಲಿ ಪೋರ್ಚುಗಲ್

ನಮ್ಮ ಅಡುಗೆಮನೆಯ ಕಪಾಟಿನ ಕೆಳಸಾಲಿನಲ್ಲಿ ಕಾಫಿಯ ಸ್ಟೀಲ್ ಲೋಟಗಳಿವೆ, ಒಂದೊಂದೂ ತನ್ನ ಅಗಲ ಬಾಯಿಯ ಬಟ್ಟಲಿನೊಳಗೆ ತೊಟ್ಟಿಲ ಕೂಸಿನಂತೆ ಕುಳಿತು. ಮದುವೆಯಲ್ಲಿ ಉಡುಗೊರೆಯಾಗಿ ಬಂದವು. ಕೊಟ್ಟವರು ಕೆತ್ತಿಸಿದ ಹೆಸರು ದಿನನಿತ್ಯದ ತಿಕ್ಕಾಟದಲ್ಲಿ ಸವೆದು, ಈಗ ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಒಂದೆರಡು ಅಕ್ಷರ ಮಿನುಗಿ ಮರೆಯಾಗುತ್ತವೆ. ಈ ಲೋಟಗಳಲ್ಲಿ ನಾವು ಸ್ಪೇನನ್ನು ಕುಡಿದಿದ್ದೇವೆ, ಇಟಲಿಯನ್ನು ಕುಡಿದಿದ್ದೇವೆ ಎಂದರೆ ನೀವು ನಗಬಹುದು. ಧಾರಾಳವಾಗಿ ನಗಿ. ತೆಳುಕಾಲಿನ ಗಾಜಿನ ಗ್ಲಾಸುಗಳನ್ನು ತಂದುಕೊಟ್ಟ ನಮ್ಮ ಮಗಳು ಪಲ್ಲವಿಯೂ ಮೊದಲು ನಕ್ಕಳು, ಆಮೇಲೆ ಸಿಟ್ಟಾದಳು, ಕೊನೆಗೆ ತಾನೂ ಒಂದು ಲೋಟ ಹಿಡಿದು ಚಾಪೆಯ ಮೇಲೆ ಕುಳಿತಳು.

ಇದೆಲ್ಲ ಶುರುವಾದದ್ದು ಅವಳಿಂದಲೇ. ದೊಡ್ಡ ಹೋಟೆಲೊಂದರಲ್ಲಿ ಕೆಲಸ ಮಾಡುವ ಅವಳು ಆಗೀಗ ಒಂದು ಬಾಟಲಿ ವೈನ್ ತರುತ್ತಾಳೆ; ಅಪರೂಪದ್ದೇನಲ್ಲ, ಆ ದೇಶಗಳ ಜನ ನಾವು ಮಜ್ಜಿಗೆ ಕುಡಿಯುವಂತೆ ಊಟದ ಜೊತೆ ದಿನವೂ ಕುಡಿಯುವಂಥದ್ದು. ತಿಂಗಳಿಗೊಂದು ಭಾನುವಾರದ ಇಳಿಹೊತ್ತಿನಲ್ಲಿ ಘಾಟ್ಕೋಪರಿನ ನಮ್ಮ ಮನೆಗೆ ಮಾಟುಂಗದಿಂದ ಗೆಳತಿ ಜಯಕ್ಕ ಬರುತ್ತಾರೆ, ಆಂಟಾಪ್ ಹಿಲ್‌ನಿಂದ ನಿವೃತ್ತ ಶಿಕ್ಷಕ ನಾಯಕ ಮಾಸ್ತರರು ಬರುತ್ತಾರೆ. ಬಾಲ್ಕನಿಯಾಚೆ ಮೆಟ್ರೋ ಸದ್ದಿಲ್ಲದೆ ಜಾರಿಹೋಗುವಾಗ ಬಿಸಿಲು ಒಂದು ಕ್ಷಣ ತುಂಡುತುಂಡಾಗಿ ನಮ್ಮ ಲೋಟಗಳ ಮೇಲೆ ಬಿದ್ದು ಮತ್ತೆ ಕೂಡಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಘಾಟ್ಕೋಪರ್ ಯಾವ ದೇಶದಲ್ಲಿದೆ ಎಂದು ಯಾರಾದರೂ ಕೇಳಿದರೆ ನಾನು ಥಟ್ಟನೆ ಉತ್ತರ ಹೇಳಲಾರೆ.

ನಮ್ಮ ಕೂಟಕ್ಕೆ ಒಂದೇ ಒಂದು ಕಟ್ಟಳೆ, ಅದನ್ನು ಹಾಕಿದವರು ನನ್ನವರು. ಬಾಟಲಿಯ ಬೆನ್ನ ಮೇಲೆ ರುಚಿ ಇಂಥದ್ದೆಂದು ಬರೆದಿರುವ ಹಣ್ಣುಗಳನ್ನು ನಮ್ಮಲ್ಲಿ ಯಾರೂ ಕಂಡವರಲ್ಲ. ಆದ್ದರಿಂದ ತಾನು ತಿಂದದ್ದನ್ನೋ ಮೂಸಿದ್ದನ್ನೋ ಬಿಟ್ಟು ಬೇರೆ ಯಾವ ಹೆಸರನ್ನೂ ಹೇಳಕೂಡದು. ಹಾಗಾಗಿ ಸ್ಪೇನಿನ ಕೆಂಪಿನಲ್ಲಿ ನಮಗೆ ಸುಟ್ಟ ತೆಂಗಿನ ಚಿಪ್ಪು ಸಿಕ್ಕಿತು. ಇಟಲಿಯದು ಬೇಳೆಯಿಲ್ಲದ ಟೊಮೆಟೊ ಸಾರಿನ ಹುಳಿ, ಹಿಂದೆಯೇ ಹೆಚ್ಚು ಕುದಿಸಿದ ಚಹಾದ ಒಗರು. ಫ್ರಾನ್ಸಿನ ಒಂದರಲ್ಲಿ ನೇರಳೆಹಣ್ಣೂ ಕರಿಮೆಣಸೂ ಜಗಳವಾಡದೆ ಕುಳಿತಿದ್ದವು. ಜರ್ಮನಿಯ ಬಿಳಿಯದನ್ನು ಮೂಸಿದ ಮಾಸ್ತರರಿಗೆ ನಿಂಬೆಯ ಸಿಪ್ಪೆಯ ಹಿಂದೆ ಸೀಮೆಎಣ್ಣೆಯ ಸ್ಟೋವ್ ನೆನಪಾಗಿ, ತಾವು ಹುಡುಗರಾಗಿದ್ದಾಗಿನ ವಠಾರದಂಥ ಚಾಳಿನ ಕೋಣೆಯೂ ಅಲ್ಲಿ ಪಂಪು ಹೊಡೆಯುತ್ತಿದ್ದ ಅವ್ವನೂ ಒಟ್ಟಿಗೆ ಎದುರು ಬಂದಂತಾಯಿತು. ದೂರದ ದೇಶದ ರಸವನ್ನು ಕುಡಿಯುತ್ತಿದ್ದೇವೆ ಎಂದುಕೊಂಡು ನಾವು ನಮ್ಮದೇ ಹಿತ್ತಿಲಿಗೆ ಮರಳುತ್ತಿದ್ದೆವು.

ಕಟ್ಟಳೆ ಹಾಕಿದ ನನ್ನವರಿಗೇ ಆಮೇಲೆ ವಾಸನೆ ತಿಳಿಯದಂತಾಯಿತು. ಮಸ್ಜಿದ್ ಬಂದರಿನ ಮಸಾಲೆ ವ್ಯಾಪಾರಿಯೊಬ್ಬರ ಕಚೇರಿಯಲ್ಲಿ ಆಯಸ್ಸು ಕಳೆದವರು. ಸಂಜೆ ಬಿಲ್ಡಿಂಗಿನ ಮೆಟ್ಟಿಲು ಹತ್ತುವಾಗಲೇ ನಮ್ಮ ಮನೆಯ ಪಲ್ಯ ಯಾವುದು, ಎದುರು ಮನೆಯದು ಯಾವುದು ಎಂದು ಕೂಗಿ ಹೇಳುತ್ತಿದ್ದರು. ಕಳೆದ ವರ್ಷದ ಜ್ವರ ಬಿಡುವಾಗ ಮೂಗನ್ನೂ ಜೊತೆಗೆ ಒಯ್ದಿತು. ನನಗೆ ಗೊತ್ತಾದದ್ದು ಒಂದು ಬೆಳಿಗ್ಗೆ: ಒಲೆಯ ಪಕ್ಕದಲ್ಲೇ ನಿಂತು ಪೇಪರ್ ಓದುತ್ತಿದ್ದಾರೆ, ಪಾತ್ರೆಯಲ್ಲಿ ಹಾಲು ತಳ ಹತ್ತಿ ಹೊಗೆಯಾಡುತ್ತಿದೆ, ಅವರು ಪುಟ ತಿರುವುತ್ತಿದ್ದಾರೆ. ಮರಳಿ ಬರಬಹುದು, ಬಾರದೆಯೂ ಇರಬಹುದು ಎಂದರು ಡಾಕ್ಟರು.

ಅಂದಿನಿಂದ ಅವರು ಕಡಿಮೆ ಮಾತಾಡಿದರು, ಕಡಿಮೆ ತಿಂದರು, ಅಡುಗೆಮನೆಗೆ ಬರುವುದನ್ನೇ ಬಿಟ್ಟರು. ನನಗೆ ಭಯವಾಗಿತ್ತು. ನಾನು ಮುಡಿದ ಮಲ್ಲಿಗೆಯನ್ನು ಕಣ್ಣಿಂದ ನೋಡಿ ಮಾತ್ರ ತಿಳಿಯುವ ಈ ಮನುಷ್ಯ, ಮನೆಯೊಳಗೇ ಇದ್ದು ಮನೆಯಿಂದ ದೂರ ಸರಿಯುತ್ತಿದ್ದಾರೆ ಎನಿಸುತ್ತಿತ್ತು. ಭಾನುವಾರದ ಕೂಟದಲ್ಲಿ ಮಾತ್ರ ನಾವೆಲ್ಲ ಅವರ ಸಲುವಾಗಿ ಇನ್ನಷ್ಟು ಬಿಡಿಸಿ ಬಿಡಿಸಿ ವರ್ಣಿಸುತ್ತಿದ್ದೆವು, ಅವರು ಕಣ್ಣುಮುಚ್ಚಿ ಕೇಳುತ್ತಿದ್ದರು.

ಮೊನ್ನೆ ಮಳೆಗಾಲದ ಒಂದು ಭಾನುವಾರ, ಚಾಪೆ ಹಾಸುತ್ತಿದ್ದಾಗ ಅವರು ಮೆಲ್ಲಗೆ ಹೇಳಿದರು, “ಸುಮಾ, ನನಗ ಇವತ್ತಿಗೆ ಸಾಕು. ಮುಂದಿನ ಸಲ ನೀವಷ್ಟ ಕೂಡ್ರಿ. ನಾ ಕೆಳಗ ಗಾರ್ಡನ್‌ದಾಗ ಅಡ್ಡಾಡಿ ಬರ್ತೀನಿ.”

“ನೀವ ಇಲ್ದ ನಾವೇನ್ ಕೂಡೂದ್ರೀ?” ಎಂದೆ. ಅವರು ಚಾಪೆಯ ಇನ್ನೊಂದು ತುದಿ ಎಳೆದು ಸರಿಮಾಡಿದರು.

ಅಂದಿನ ಬಾಟಲಿ ಪೋರ್ಚುಗಲ್ಲಿನದು. ಪಲ್ಲವಿ ಕೆಲಸದ ಮೇಲೆ ಮೊದಲ ಸಲ ಹೊರದೇಶಕ್ಕೆ ಹೋದವಳು, ತನ್ನ ಬಟ್ಟೆಗಳ ನಡುವೆ ಸುತ್ತಿ ಜೋಪಾನವಾಗಿ ತಂದಿದ್ದಳು. ಸುರಿದುಕೊಂಡು ಮೂಸಿದೆವು. ನಿಜ ಹೇಳಬೇಕೆಂದರೆ ಅದರಲ್ಲಿ ಏನೂ ಇರಲಿಲ್ಲ. ಮಂಕಾಗಿತ್ತು, ಹಣ್ಣೆಲ್ಲ ಕಂಬಳಿ ಹೊದ್ದು ಮಲಗಿದಂತಿತ್ತು. ಆದರೆ ಮಗಳ ಮುಖ ನೋಡಿ ಹಾಗೆನ್ನುವವರು ಯಾರು?

“ಇದರಲ್ಲೊಂದು ಗಾಂಭೀರ್ಯ ಉಂಟು,” ಎಂದರು ಮಾಸ್ತರರು.

“ಗಾಂಭೀರ್ಯ ನೀವು ಯಾವಾಗ ತಿಂದದ್ದು ಮಾರಾಯ್ರೇ?” ಎಂದು ಜಯಕ್ಕ ಕಟ್ಟಳೆ ನೆನಪಿಸಿದರು. ನಾನು ಹಳೆಯ ಬೆಲ್ಲ ಎಂದೆ. ಮಗಳು ಮಳೆಯ ಮಣ್ಣು ಎಂದಳು. ನನ್ನವರು ಖಾಲಿ ಲೋಟ ಹಿಡಿದು ಸುಮ್ಮನೆ ಕುಳಿತಿದ್ದರು.

ಆ ಸುಮ್ಮನಿರುವಿಕೆಯನ್ನು ತುಂಬಲೆಂದೇ ಇರಬೇಕು, ಜಯಕ್ಕ ಮಾತು ಶುರುಮಾಡಿದರು. ಅವರ ಅಪ್ಪ ಮಾಟುಂಗದ ಉಡುಪಿ ಹೋಟೆಲಿನಲ್ಲಿ ಕಾಫಿ ಮಾಡುತ್ತಿದ್ದವರು; ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ತೋಳುದ್ದ ಎತ್ತಿ ಸುರಿಯುವಾಗ ನೊರೆಯ ಹಗ್ಗವೇ ಇಳಿಯುತ್ತಿತ್ತಂತೆ. ಹೇಳುತ್ತ ಹೇಳುತ್ತ ಜಯಕ್ಕನ ಕೈಗಳು ಅಪ್ಪನ ಕೈಗಳಾದವು. ಬಾಯಿ ಕಥೆ ಹೇಳುತ್ತಿದೆ, ಬಲಗೈ ಮೇಲೇರುತ್ತಿದೆ, ಕಡುಕೆಂಪು ಎಳೆಯೊಂದು ಗಾಳಿಯಲ್ಲಿ ಉದ್ದಕ್ಕೆ ಇಳಿದು ಬಟ್ಟಲು ಸೇರಿ ಮತ್ತೆ ಮೇಲೆ ಹೋಗುತ್ತಿದೆ. ಅವರಿಗೆ ಪರಿವೆಯೇ ಇಲ್ಲ.

“ಅಯ್ಯೋ ಜಯಾ ಆಂಟಿ, ಕ್ಯಾ ಕರ್ ರಹೀ ಹೋ! ವೈನ್ ಅದು, ಕಾಫಿ ಅಲ್ಲ!” ಎಂದು ಪಲ್ಲವಿ ಚೀರಿದಳು. ಜಯಕ್ಕ ಬೆಚ್ಚಿ, ಕೈ ತಪ್ಪಿ, ಪಕ್ಕದಲ್ಲಿದ್ದ ನನ್ನವರ ಅಂಗಿಯ ಮೇಲೆ ಅರ್ಧ ಬಟ್ಟಲು ಪೋರ್ಚುಗಲ್ ಚೆಲ್ಲಿತು.

ಅವರು ಅಂಗಿಯನ್ನು ಎತ್ತಿ ಹಿಡಿದು ನೋಡಿದರು. ಮೂಗಿನ ಹತ್ತಿರ ತಂದರು. ಇಳಿಸಿದರು. ಮತ್ತೆ ತಂದರು.

“ಏನಿದು, ತೊಯ್ದ ಗೋಣಿಚೀಲದ ವಾಸನಿ!” ಎಂದರು. “ಮಳಿಗಾಲದಾಗ ಬಂದರದ ಗೋಡೌನ್ ಬಾಗಲಾ ತಗದಂಗ ಆತಲ್ಲ!”

ಪಲ್ಲವಿ ಜಯಕ್ಕನ ಲೋಟಕ್ಕೆ ಮೂಗಿಟ್ಟಳು. ಗಾಳಿಯಾಡಿದ ಆ ರಸ ಈಗ ಮುಸುಕು ತೆಗೆದಿತ್ತು. ಮುಗ್ಗಲು ವಾಸನೆ ನಮಗೆಲ್ಲರಿಗೂ ಸ್ಪಷ್ಟವಾಗಿ ಹೊಡೆಯಿತು. “ಸಹೀ ಹೈ ಪಪ್ಪಾ,” ಎಂದಳು, ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯದಂತೆ. “ಕಾರ್ಕ್ ಖರಾಬ್ ಇದೆ. ಪೂರಾ ಬಾಟಲ್ ಹಾಳು!” ಹಾಳಾದ ಬಾಟಲಿಗೆ ಅಂಥ ಸಂಭ್ರಮ ಆ ದೇಶದಲ್ಲೂ ಸಿಕ್ಕಿರಲಾರದು. ಮಾಸ್ತರರು ತಮ್ಮ ಗಾಂಭೀರ್ಯವನ್ನು ಸಭೆಯ ಮುಂದೆ ವಾಪಸು ಪಡೆದರು. ನಾನು ಸೆರಗಿನಿಂದ ನನ್ನವರ ಅಂಗಿ ಒರೆಸಲು ಹೋದರೆ ಅವರು ಬಿಡಲೇ ಇಲ್ಲ. ಕತ್ತಲಾಗುವವರೆಗೂ ಆ ಕಲೆಯನ್ನು ಮೂಸುತ್ತ ಕುಳಿತರು.

ಅಂದಿನಿಂದ ಯೋಚಿಸುತ್ತಿದ್ದೇನೆ. ಸುಗಂಧಕ್ಕಾಗಿ ನಾವು ಎಷ್ಟೊಂದು ಕಾದೆವು! ಮಲ್ಲಿಗೆ ಮುಡಿದೆ, ಏಲಕ್ಕಿ ಕುಟ್ಟಿದೆ, ಧೂಪ ಹಾಕಿದೆ. ಅವಾವುವೂ ಆ ಬಾಗಿಲನ್ನು ತೆರೆಯಲಿಲ್ಲ. ಎಲ್ಲಿಯದೋ ಬಿಸಿಲುಗುಡ್ಡದ ಮರದ ತೊಗಟೆ, ಹಾಳಾದ ಕಾರ್ಕಿನ ಬಿರಡೆಯಾಗಿ, ಒಬ್ಬಳ ಬಟ್ಟೆಗಳ ನಡುವೆ ಮಲಗಿ ಬಂದು, ಇನ್ನೊಬ್ಬಳ ಕೈತಪ್ಪಿನಿಂದ ಚೆಲ್ಲಿ ತೆರೆಯಬೇಕಾಯಿತು. ಒಳ್ಳೆಯದು ಒಳ್ಳೆಯ ವೇಷದಲ್ಲೇ ಬರಲಿ ಎಂದು ಹಟ ಹಿಡಿಯುವುದನ್ನು ನಾನಂತೂ ಬಿಟ್ಟಿದ್ದೇನೆ.

ವಾಸನೆಗಳು ಈಗ ಒಂದೊಂದಾಗಿ, ಲೋಕಲ್ ರೈಲು ತಪ್ಪಿಸಿಕೊಂಡ ನೆಂಟರ ಹಾಗೆ, ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತಿವೆ. ಕಾಫಿ ಇನ್ನೂ ಬಂದಿಲ್ಲ. ಅವರಿಗೆ ಅದು ಇಂದಿಗೂ ಬಿಸಿನೀರೇ. ಆದರೂ ಇವತ್ತು ಬೆಳಿಗ್ಗೆ ಅದೇ ಹಳೆಯ ಲೋಟ, ಅದೇ ಬಟ್ಟಲು ಹಿಡಿದು ಜಯಕ್ಕನಂತೆ ತೋಳೆತ್ತಿ ಕಾಫಿ ಸುರಿಯುತ್ತಿದ್ದೆ. ಸುರಿಯುವ ಚೆಂದಕ್ಕೆ ಮನಸೋತು ಒಲೆಯ ಮೇಲಿದ್ದ ಉಳಿದ ಹಾಲನ್ನು ಮರೆತಿದ್ದೆ. ಪಡಸಾಲೆಯಿಂದ ಅವರ ದನಿ ಬಂತು, “ಸುಮಾ, ಹಾಲು ಹೊತ್ತಾಕತ್ತದ ನೋಡ!”

ನನಗೆ ಚೆನ್ನಾಗಿಯೇ ಕೇಳಿಸಿತ್ತು. ಆದರೂ ಲೋಟವನ್ನು ಎದೆಗೊತ್ತಿಕೊಂಡು, ಒಲೆ ಆರಿಸದೆ, “ಏನಂದ್ರೀ?” ಎಂದು ಕೂಗಿದೆ. ಹಾಲು ಹೊತ್ತಿಕೊಳ್ಳಲಿ, ಅವರು ಇನ್ನೊಮ್ಮೆ ಹೇಳಲಿ.