ಕೂತಲ್ಲಿ ಕೂಡದ ಯಮನವ್ವ
ಮರಾಠಿ ಸೀಮೆಯ ಕೊಂಢವಾದಲ್ಲಿ ಕಟ್ಟಡ ಕೆಲಸದವರ ಕೂಸುಗಳನ್ನು ಹಗಲೆಲ್ಲ ನೋಡಿಕೊಳ್ಳುವ ಯಮನವ್ವ ಕೂತಲ್ಲಿ ಕೂಡುವವಳಲ್ಲ. ಒಂದು ಕೂಸಿನ ಮೂಗು ಒರೆಸುತ್ತಲೇ ಇನ್ನೊಂದರ ತೊಟ್ಟಿಲು ತೂಗುತ್ತಾಳೆ. ತೊಳೆದ ಗಿಲಕಿಯನ್ನು ಸಾಲದೆಂದು ಮತ್ತೆ ತೊಳೆಯುತ್ತಾಳೆ. ಮಕ್ಕಳಿಗೆ ಎಲ್ಲಿ ಏನು ಚುಚ್ಚೀತೋ ಎಂದು ತಾನೇ ಅಂಬೆಗಾಲಿಕ್ಕಿ ಕೋಣೆಯೆಲ್ಲ ಸುತ್ತಿ ಬರುತ್ತಾಳೆ. ಸಹಾಯಕಿ ನೀತಾ ಸುಮ್ಮನೆ ಗಂಜಿ ಉಣಿಸಿದರೆ ಸಾಕು, "ಅಗ ನೀತಾ, ಬೋಲ ನಾ! ಮಾತಾಡಿಸ್ಕೋತ ಉಣಸು, ಅದೇನು ಚೀಲ ತುಂಬೋದೇನು?" ಎಂದು ಮರಾಠಿಯಲ್ಲಿ ಶುರುಮಾಡಿ ಕನ್ನಡದಲ್ಲಿ ಗದರುತ್ತಾಳೆ. ಸಂಜೆ ತಾಯಂದಿರು ಬಂದರೆ ಕೂಸು ಸೀನಿದ್ದು, ನಕ್ಕಿದ್ದು ಒಂದನ್ನೂ ಬಿಡದೆ ಒಪ್ಪಿಸುತ್ತಾಳೆ. ಇಂಥ ಬಾಯಿಬಡುಕಿ ಮೊದಲ ಹೆಜ್ಜೆಯ ಸುದ್ದಿಯನ್ನು ಮಾತ್ರ ಯಾವ ತಾಯಿಗೂ ಹೇಳುವುದಿಲ್ಲ. ತಾನು ಇಟ್ಟಿಗೆ ಹೊರುತ್ತಿದ್ದ ಕಾಲದಲ್ಲಿ, ತನ್ನ ಮಗಳು ಮೊದಲ ಸಲ ನಡೆದದ್ದನ್ನು ಅವಳು ನೆರೆಯವಳ ಬಾಯಿಂದ ಕೇಳಿದ್ದಳು. ಮೊನ್ನೆ ಮಧ್ಯಾಹ್ನ ಪಾರವ್ವನ ಮಗ ಮಾಂತು ಗೋಡೆ ಬಿಟ್ಟು ನಡೆದಾಗ ಯಮನವ್ವ ನೀತಾಳ ಬಾಯಿ ಮುಚ್ಚಿಸಿದಳು. ಆಮೇಲೆ ಸಂಜೆಯವರೆಗೂ ಬಾಗಿಲಿಗೂ ಒಳಗೂ ಎಡತಾಕಿದಳು. ಪಾರವ್ವ ಸಿಮೆಂಟಿನ ಕೈ ತೊಳೆದು ಬಂದು, "ಏನಂತಾನ್ರಿ ನಮ್ಮ ಮಾಂತು?" ಎಂದು ಕೇಳಿದಳು. "ಏನಿಲ್ಲವ್ವಾ. ನೀ ಅಲ್ಲೇ ದೂರ ಕೂತು ಕರಿ," ಎಂದಳು ಯಮನವ್ವ. ತಾಯಿ ಕೈಚಾಚಿದಳು, ಮಾಂತು ತೂರಾಡುತ್ತ ನಡೆದು ಹೋಗಿ ಅವಳ ಮಡಿಲಿಗೆ ಬಿದ್ದ. "ಯಕ್ಕಾ, ನಡದಾ ನೋಡ್ರಿ! ನನ್ನ ಕಣ್ಣಮುಂದನ ನಡದಾ!" ಎಂದು ಪಾರವ್ವ ಅಳುತ್ತ ನಕ್ಕಳು. ಯಮನವ್ವ ಕೆನ್ನೆಗೆ ಕೈಯಿಟ್ಟುಕೊಂಡು, "ಹೌದೇನ! ನಾ ಆ ಕಡಿ ತಿರಗಿದ್ದೆನವ್ವಾ. ಇನ್ನೊಮ್ಮೆ ಕರಿ, ನನಗೂ ತೋರಸು," ಎಂದಳು.