ಹಬೆ ಸೋರಿಕೆಗೆ ಐದಕ್ಕೆ ಐದು

ಅರಿಶಿಣ ಕುದಿಸುವ ಆ ಹೊಸ ಹಂಡೆ ನನ್ನ ಗೆಳೆಯನದು. ನಾವಿಬ್ಬರೂ ಒಂದೇ ವರ್ಷ ಮೆಕ್ಯಾನಿಕಲ್ ಮುಗಿಸಿದವರು, ಈಗ ಸಾಂಗಲಿಯ ಬೇರೆ ಬೇರೆ ಕಾಲೇಜುಗಳಲ್ಲಿ ಪಾಠ ಮಾಡುತ್ತೇವೆ. ನನ್ನ ಕೆಲಸ ಕಾಯಂ ಆಗಿದೆ. ಅವನು ಎಂಟು ವರ್ಷಗಳಿಂದ ಗುತ್ತಿಗೆಯ ಮೇಲೆ ಇದ್ದಾನೆ. ಈ ವರ್ಷ ಅವನ ಕಾಲೇಜಿನಲ್ಲಿ ಒಂದು ಹುದ್ದೆ ಖಾಲಿಯಾಗಿ, ಏಪ್ರಿಲ್‌ನಲ್ಲಿ ಸಂದರ್ಶನವೆಂದು ಗೊತ್ತಾಯಿತು. ಸಂಶೋಧನೆಗೆ ಅಂಕ ಹಾಕುವ ಪಟ್ಟಿಯಲ್ಲಿ ಅವನ ಪ್ರಬಂಧಗಳನ್ನೆಲ್ಲ ಕೂಡಿಸಿದರೂ ಸ್ವಲ್ಪ ಕಡಿಮೆ ಬೀಳುತ್ತಿತ್ತು. ‘ನಿಮ್ಮ ಸಂಶೋಧನೆಯನ್ನು ನಾವು ಬಳಸುತ್ತೇವೆ’ ಎಂದು ಯಾವುದಾದರೂ ಕಂಪನಿ ಪತ್ರ ಕೊಟ್ಟರೆ ಆ ಕೊರತೆ ತುಂಬುತ್ತಿತ್ತು.

ಅದೇ ಹೊತ್ತಿಗೆ ಕೃಷಿ ಯಂತ್ರಗಳನ್ನು ಮಾಡುವ ಕಂಪನಿಯೊಂದು, ಹೊರಗಿನವರ ಕಲ್ಪನೆಗಳಿಗೆ ಬಾಗಿಲು ತೆರೆದಿದ್ದೇವೆ ಎಂದು ಕಾಲೇಜುಗಳಿಗೆಲ್ಲ ತಿಳಿಸಿತು. ಆಯ್ಕೆಯಾದ ಯಂತ್ರವನ್ನು ರೈತರ ಹೊಲದಲ್ಲಿ ನಡೆಸಿ ತೋರಿಸಬೇಕು. ಬೇರೆ ಕಾಲೇಜಿನ ಒಬ್ಬರು ಎದುರಿಗಿದ್ದು ಅಂಕ ಹಾಕಬೇಕು. ಪಾಸಾದರೆ ಪತ್ರ ಸಿಗುತ್ತದೆ, ಮತ್ತು ಈ ಹಂಗಾಮಿನಲ್ಲೇ ಹತ್ತು ಹೊಲಗಳಿಗೆ ಅಂಥ ಹಂಡೆ ಹೋಗುತ್ತದೆ. ಅಂಕ ಹಾಕಲು ನನ್ನನ್ನು ಕರೆದರು. ನಮೂನೆಯಲ್ಲಿ ‘ಅರ್ಜಿದಾರರ ಪರಿಚಯ ಇದೆಯೇ’ ಎಂದು ಕೇಳಿದ್ದರು. ‘ವೃತ್ತಿಯಿಂದ’ ಎಂದು ಬರೆದೆ. ಬರೆದವಳು ಪರೀಕ್ಷೆಗೆ ಹೋದದ್ದು ಅವನದೇ ಮೋಟರ್‌ಸೈಕಲ್ ಮೇಲೆ. ವಿಶ್ರಾಮಬಾಗದಲ್ಲಿ ನನ್ನನ್ನು ಹತ್ತಿಸಿಕೊಳ್ಳುವಾಗ ಅವನು, “ಪರೀಕ್ಷಕ ಬಾಯಾರ, ಗಟ್ಟಿ ಹಿಡಕೊಂಡ ಕುಂದರು. ನೀ ಬಿದ್ರ ನನ್ನ ಮಾರ್ಕ್ಸ್ ಬೀಳ್ತಾವ” ಎಂದ.

ಹೊಲ ಸಲಗರೆಯಲ್ಲಿತ್ತು. ಗಂಡ ಹೆಂಡತಿ ಇಬ್ಬರೇ ನಿಂತು ಮಾಡುವ ಒಕ್ಕಲುತನ, ಜೊತೆಗೆ ಒಂದು ಎಮ್ಮೆ, ಒಂದಿಷ್ಟು ಕುರಿ. ನಮ್ಮೊಂದಿಗೆ ಮರಾಠಿಯಲ್ಲಿ ಶುರುಮಾಡಿದವರು, ನಾವು ಕನ್ನಡದವರೆಂದು ತಿಳಿದ ಮೇಲೆ ಕನ್ನಡಕ್ಕೆ ಇಳಿದರು. ಗಂಡನನ್ನು ನಾವು ಕಾಕಾ, ಹೆಂಡತಿಯನ್ನು ಮಾವಶಿ ಎಂದೆವು; ಅವರಿಗೆ ನಾನು ಬಾಯಾರು, ಅಂದರೆ ಮೇಡಂ.

ಅಲ್ಲಿಯ ಹಳೆಯ ಪದ್ಧತಿಯಲ್ಲಿ ನೀರಿನ ಹಂಡೆಯ ಕೆಳಗೆ ಬೆಂಕಿ ಹಾಕಿ, ಹಬೆಯನ್ನು ಕೊಳವೆಯಿಂದ ಅರಿಶಿಣ ತುಂಬಿದ ಡ್ರಮ್ಮಿಗೆ ಬಿಡುತ್ತಾರೆ. ಮುಚ್ಚಳಕ್ಕೆ ಬಿಗಿತವಿರುವುದಿಲ್ಲ. ಹಬೆ ಎಲ್ಲಿ ಸೋರಿದರೂ ಅಲ್ಲಿಗೆ ಒದ್ದೆ ಗೋಣಿತಟ್ಟು ಒತ್ತುತ್ತಾರೆ. ಮಾವಶಿ ಮೂವತ್ತು ವರ್ಷ ಮಾಡಿದ ಕೆಲಸ ಅದು. ಗೆಳೆಯನ ಹಂಡೆಯ ಮುಚ್ಚಳಕ್ಕೆ ಸುತ್ತಲೂ ಬೋಲ್ಟು, ಅಂಚಿಗೆ ರಬ್ಬರು. ಒತ್ತಡ ಮಿತಿ ಮೀರಿದರೆ ಹಬೆಯನ್ನು ತಾನೇ ಹೊರಗೆ ಬಿಡುವ ಸೇಫ್ಟಿ ವಾಲ್ವ್ ಒಂದು ಪಕ್ಕಕ್ಕೆ, ಎದೆಯೆತ್ತರದಲ್ಲಿ. ಒತ್ತಡ ತೋರಿಸುವ ಗೇಜು ಅದರ ಎದುರು ಪಕ್ಕಕ್ಕೆ.

ಕಾಕಾ ಕಟ್ಟಿಗೆ ಒಟ್ಟಿದರು. ನಾನು ಬುಟ್ಟಿಯೊಂದನ್ನು ಬೋರಲು ಹಾಕಿಕೊಂಡು ನಮೂನೆ ಹಿಡಿದು ಕುಳಿತೆ. ಮುಕ್ಕಾಲು ಗಂಟೆಯಾದ ಮೇಲೆ ವಾಲ್ವ್ ಸಣ್ಣಗೆ ಸುಸ್ಸೆನ್ನತೊಡಗಿತು. ನಾನು ತಲೆಯೆತ್ತಿದೆ. ಗೆಳೆಯ ಬಗ್ಗಿ, “ಉಸರ ಬಿಡಾಕತ್ತೇತಿ. ಹಂಗs ಬಿಡಬೇಕು ಅದು” ಎಂದ. ನನಗೆ ಹೇಳಿದ. ಮಾವಶಿಗೆ ಅವನೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಅಷ್ಟರಲ್ಲಿ ಅವನಿಗೆ ಕಂಪನಿಯ ಅಧಿಕಾರಿಯ ಫೋನ್ ಬಂತು. ಮಾತಾಡುತ್ತ ಬಾವಿಯ ಕಡೆ ನಡೆದ. ಕಟ್ಟಿಗೆ ಎಷ್ಟು ಉಳಿಯಿತು ಎಂಬ ಲೆಕ್ಕವನ್ನು ಅವನು ಉತ್ಸಾಹದಿಂದ ಹೇಳುವುದು ನನಗೆ ಕೇಳಿಸುತ್ತಿತ್ತು. ಅದು ಅಷ್ಟು ಸ್ಪಷ್ಟವಾಗಿ ಕೇಳಿಸಲು ಕಾರಣ, ವಾಲ್ವಿನ ಸಪ್ಪಳ ನಿಂತಿತ್ತು. ನಾನು ಏಳನೆಯ ಕಲಮಿಗೆ ಬಂದಿದ್ದೆ: ಹಬೆ ಸೋರಿಕೆ. ಹಂಡೆಯ ಕಡೆ ನೋಡಿದೆ. ಎಲ್ಲೂ ಒಂದೆಳೆ ಹಬೆಯಿಲ್ಲ. ಐದಕ್ಕೆ ಐದು ಹಾಕಿದೆ.

ಮಾವಶಿ ಕೈ ಒರೆಸಿಕೊಳ್ಳುತ್ತ ಹಂಡೆಯ ಹಿಂದಿನಿಂದ ಬಂದರು. “ಬಾಯಾರ, ಸೋರಾಕತ್ತಿತ್ತಲ್ರಿ, ಬಂದ್ ಮಾಡೀನಿ” ಎಂದರು.

“ಛಲೋ ಆತ್ರಿ” ಎಂದೆ.

ಎಷ್ಟು ಹೊತ್ತು ಹಾಗೆಯೇ ಕುಳಿತಿದ್ದೆನೋ ತಿಳಿಯದು. ನಾಲ್ಕು ಉಸಿರಿನಷ್ಟು ಇರಬಹುದು. ಆಮೇಲೆ ಎದ್ದು ಸುತ್ತಿ ಹೋದೆ. ಒದ್ದೆ ಗೋಣಿತಟ್ಟನ್ನು ನಾಲ್ಕು ಮಡಿಕೆ ಮಾಡಿ ವಾಲ್ವಿಗೆ ಸುತ್ತಿ, ಹಗ್ಗದಿಂದ ಎರಡು ಗಂಟು ಬಿಗಿದಿದ್ದರು. ಗೇಜಿನ ಮುಳ್ಳು ಕೆಂಪು ಗೆರೆ ದಾಟಿ, ಕೊನೆಯ ಮೊಳೆಗೆ ತಾಗಿ ನಿಂತಿತ್ತು. ಅದರಾಚೆ ಎಷ್ಟು ಒತ್ತಡವಿದೆಯೆಂದು ತಿಳಿಯುವ ಉಪಾಯವಿರಲಿಲ್ಲ.

“ಕಾಕಾ, ಬೆಂಕಿ ತಗೀರಿ.” ಕೂಗಿದೆ ಎಂದುಕೊಂಡಿದ್ದೆ, ಧ್ವನಿ ಮೆಲ್ಲಗೆ ಬಂತು.

“ಇನ್ನಾ ಬೆಂದಿಲ್ರಿ ಬಾಯಾರ. ಇನ್ನೊಂದೀಟ ಕುದೀಲಿ.”

“ಬೆಂಕಿ ತಗೀರಿ. ಒಡೀತೈತಿ ಇದು.”

ಅವರು ನನ್ನ ಮುಖ ನೋಡಿ, ಮರುಮಾತಾಡದೆ ಉರಿಯುವ ಕೊರಡುಗಳನ್ನು ಎಳೆದು ಹಾಕಿದರು. ಗೆಳೆಯ ಫೋನನ್ನು ಕಿವಿಗೆ ಹಿಡಿದುಕೊಂಡೇ ಓಡಿ ಬಂದ. ಮುಚ್ಚಳದ ಅಂಚಿನಲ್ಲಿ ಒಂದು ಕಡೆ ರಬ್ಬರು ಉಬ್ಬಿ ಬಿಸಿನೀರು ಚಿಮ್ಮುತ್ತಿತ್ತು. ಅವನು ಬರಿಗೈಯಿಂದ ತಟ್ಟು ಕೀಳಲು ಹೋದಾಗ ಕಾಕಾ ಹಿಂದಿನಿಂದ ಅಂಗಿ ಹಿಡಿದು ಜಗ್ಗಿದರು. ಇಬ್ಬರೂ ಬಿದ್ದರು.

ಮಾವಶಿ ಬೂದಿ ಎಳೆಯುವ ಉದ್ದನೆಯ ಕೊಕ್ಕೆ ತಂದರು. ಅರಿಶಿಣದ ಡ್ರಮ್ಮಿನ ಮರೆಗೆ ನಿಂತು, ಕೈಯಷ್ಟೇ ಮುಂದೆ ಚಾಚಿ, ಹಗ್ಗಕ್ಕೆ ಕೊಕ್ಕೆ ಹಾಕಿ ಎಳೆದರು. ಜಾರಿತು. ಮತ್ತೆ ಹಾಕಿದರು, ಮತ್ತೆ ಜಾರಿತು. ನಾನು ಅವರಿಂದ ಐದು ಹೆಜ್ಜೆ ದೂರದಲ್ಲಿ ನಮೂನೆಯನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದೆ. ಓಡಲೂ ಇಲ್ಲ, ಹತ್ತಿರ ಹೋಗಲೂ ಇಲ್ಲ. ಮೂರನೆಯ ಸಲ ಗಂಟು ಸಡಿಲಾಯಿತು. ತಟ್ಟು ಹಾರಿತು, ಹಬೆ ಕಿರುಚಿಕೊಂಡು ಅಡ್ಡಲಾಗಿ ಹೊರಟಿತು. ಗಂಟು ಬಿಗಿಯುವಾಗ ಮಾವಶಿಯ ಮುಖವಿದ್ದದ್ದು ಅದೇ ಜಾಗದಲ್ಲಿ. ಕುರಿಗಳು ದೊಡ್ಡಿಗೆ ಕಟ್ಟಿದ ಬಲೆ ಕಿತ್ತುಕೊಂಡು ಓಡಿದವು. ಮುಳ್ಳು ಸ್ವಲ್ಪ ಹೊತ್ತು ಅಲುಗಲೇ ಇಲ್ಲ. ಆಮೇಲೆ ಇಳಿಯತೊಡಗಿತು.

ಮೊದಲು ಮಾತಾಡಿದವರು ಕಾಕಾ. “ಕುರಿ ಎಲ್ಲಾ ಓಡಿದ್ವು. ನೀ ಯಾಕ ಓಡಲಿಲ್ಲ?”

“ಕಟ್ಟಿದಾಕಿ ನಾನs ಅಲ್ಲ” ಎಂದರು ಮಾವಶಿ. ಕೊಕ್ಕೆಯನ್ನು ಕೆಳಗೆ ಹಾಕಿ ಗೆಳೆಯನ ಕಡೆ ತಿರುಗಿದರು. “ಕುಕ್ಕರ್ ಆದ್ರ ಸೀಟಿ ಹೊಡೀತೈತ್ರಿ. ಇದು ಬರೇ ಸುಸ್ ಅಂತಿತ್ತು. ಬಾಯಾರ ಕಿವ್ಯಾಗ ಹೇಳಿದ್ರಿ, ನನ್ನ ಕಿವ್ಯಾಗ ಯಾಕ ಹೇಳಲಿಲ್ಲ? ಒಲಿ ಮುಂದ ಇರಾಕಿ ಯಾರು?”



ತಿರುಗಿ ಬರುವಾಗ ಮಿರಜಿನಲ್ಲಿ ಚಹಾಕ್ಕೆ ನಿಂತೆವು. ಅವನು ಕಪ್ಪನ್ನು ತಿರುಗಿಸುತ್ತ, “ಅಪಘಾತ ಆತೇನು ಅಂತ ಕಲಮು ಐತಿ. ಅಪಘಾತ ಆಗಿಲ್ಲಲ್ಲ” ಎಂದ. ಒಂದು ಗುಟುಕು ಕುಡಿದು, “ವಾಲ್ವ್ ತನ್ನ ಕೆಲಸಾ ಮಾಡತಿತ್ತು. ನನ್ನ ಡಿಸೈನಿನ ತಪ್ಪಲ್ಲ ಅದು” ಎಂದ. ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಆಗದೆನ್ನಲು ಸುಲಭವಾಗುತ್ತಿತ್ತೇನೋ.

ನಮೂನೆ ಮೂರು ದಿನ ನನ್ನ ಚೀಲದಲ್ಲಿತ್ತು. ಮನೆಯಲ್ಲಿ ಕುಕ್ಕರ್ ಇಟ್ಟರೆ ಸೀಟಿಯಾಗುವವರೆಗೂ ನಾನು ಅಡಿಗೆಮನೆಯ ಹೊರಗೆ ನಿಲ್ಲುತ್ತಿದ್ದೆ. ಪಾಠ ಮಾಡುತ್ತಿರುವಾಗ ಫ್ಯಾನ್ ನಿಂತರೆ ಮಾತು ಮರೆತುಹೋಗುತ್ತಿತ್ತು. ಅವನ ಎಂಟು ವರ್ಷ ಒಂದು ಕಡೆ, ಈ ಹಂಡೆಗಳು ಹೋಗಲಿದ್ದ ಹತ್ತು ಹೊಲ ಇನ್ನೊಂದು ಕಡೆ. ಆ ಹೊಲಗಳಲ್ಲೂ ಸೋರುವುದನ್ನು ಕಂಡರೆ ಒದ್ದೆ ತಟ್ಟು ಹುಡುಕುವ ಕೈಗಳೇ ಇರುತ್ತವೆ. ನಾಲ್ಕನೆಯ ದಿನ ಐದನ್ನು ಹೊಡೆದು ಸೊನ್ನೆ ಹಾಕಿ, ವಾಲ್ವಿಗೆ ತಟ್ಟು ಕಟ್ಟಿದ್ದನ್ನು ಪಕ್ಕದಲ್ಲಿ ಬರೆದೆ. ತಿದ್ದಿದ ಕಡೆ ಅರ್ಜಿದಾರರೂ ಸಹಿ ಮಾಡಬೇಕೆಂಬ ನಿಯಮವಿತ್ತು. ಬಸ್ ಹಿಡಿದು ಬುಧಗಾಂವದ ಅವನ ಮನೆಗೆ ಹೋದೆ.

ಅವನು ಪುಟವನ್ನು ಎರಡು ಸಲ ಓದಿದ. “ಸೊನ್ನಿ ಯಾಕ ಹಾಕಿದಿ ಅಂತ ತಿಳೀತು. ಮೊದಲ ಐದು ಯಾಕ ಹಾಕಿದ್ದಿ?”

“ಸಪ್ಪಳ ನಿಂತಿತ್ತು. ಹಬಿ ಕಾಣಲಿಲ್ಲ. ಛಲೋ ಆತು ಅನಕೊಂಡೆ.”

“ಅದನ್ನೂ ಬರಿ.”

“ಏನಂತ?”

“ಮೆಕ್ಯಾನಿಕಲ್ ಓದಿದ ಪರೀಕ್ಷಕರಿಗೂ ತಿಳೀಲಿಲ್ಲ ಅಂತ. ಇಲ್ಲಾಂದ್ರ ಕಂಪನಿಯವರು ಎಲ್ಲಾ ಮಾವಶಿ ಮ್ಯಾಲ ಹಾಕಿ ಫೈಲ್ ಬಂದ್ ಮಾಡ್ತಾರ.”

ಅವನ ಮೇಜಿನ ಮೇಲೆಯೇ ಷರಾ ಎಂಬಲ್ಲಿ ಬರೆದೆ. ಅವನು ಪೆನ್ನು ಇಸಿದುಕೊಂಡು ಸಹಿ ಮಾಡಿದ. ಒಳಗಿನಿಂದ ಅವನ ಹೆಂಡತಿ, ಪತ್ರ ಯಾವಾಗ ಬರುತ್ತದೆ ಎಂದು ಕೇಳಿದಳು. ಅವನು ಪೆನ್ನಿನ ಮುಚ್ಚಳ ಹಾಕಿ ನನಗೆ ಕೊಟ್ಟ.

ಪತ್ರ ಬರಲಿಲ್ಲ. ಈ ಬಾರಿ ನಿಮ್ಮ ಕಲ್ಪನೆ ಆಯ್ಕೆಯಾಗಿಲ್ಲ ಎಂಬ ಎರಡು ಸಾಲಿನ ಮೇಲ್ ಬಂತು. ಕಂಪನಿ ನನ್ನನ್ನೂ ಮತ್ತೆ ಕರೆದಿಲ್ಲ. ಏಪ್ರಿಲ್‌ನಲ್ಲಿ ಅವನು ಪತ್ರವಿಲ್ಲದೆಯೇ ಸಂದರ್ಶನಕ್ಕೆ ಹೋದ. ಹುದ್ದೆ ಬೇರೆಯವರಿಗೆ ಆಯಿತೆಂದು ಹೇಳಲು ಫೋನ್ ಮಾಡಿದ. ಅಷ್ಟು ಹೇಳಿ ಅವನೇ ಮಾತು ಬದಲಿಸಿದ.

“ಹಂಡೆ ಸಲಗರಿಯೊಳಗs ಐತಿ. ಮಾವಶಿ ಫೋನ್ ಮಾಡಿದ್ರು. ತಗೊಂಡ ಹೋಗ್ತೀರೋ, ಮುಚ್ಚಳಾ ತಗದು ಎಮ್ಮಿಗೆ ನೀರ ಕುಡ್ಯಾಕ ಇಡಲೋ ಅಂತ ಕೇಳಾಕತ್ತಾರ.”

“ನೀ ಏನಂದಿ?”

“ಇಡ್ರಿ ಅಂದೆ.”